ಮನೆ ಬಿಡಿಸೀತು ಮಾತ್ರೆ ಡಬ್ಬಿ!

‘ಎಂತದೂ ಆಗ್ಲಿಲ್ಲ ಮಾರಾಯ್ತಿ, ಸ್ವಲ್ಪ ಕಣ್ಣು ಕತ್ತಲೆ ಬಂತು ಅಷ್ಟೆ. ನೀವು ಓಡಿ ಬರ್ಬೇಡಿ.’

2024ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಫೋನಿನಲ್ಲಿ ಅತ್ತೆ ಹೀಗೆಂದಾಗ ನನಗೆ ನಂಬಿಕೆ ಬರಲಿಲ್ಲ. ನಂಬದೆ ಇದ್ದದ್ದೇ ಒಳ್ಳೆಯದಾಯಿತು. ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಗೆಂದು ಎದ್ದವರು ಹಿತ್ತಲ ಬಾಗಿಲ ಹತ್ತಿರ ಬಿದ್ದಿದ್ದರು. ಕರೆಂಟು ಇರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮನೆಯೂ ಇಲ್ಲ. ಬೆಳಗ್ಗೆ ಕೊಟ್ಟಿಗೆ ಕೆಲಸಕ್ಕೆ ಬಂದ ಹೆಂಗಸು ನೋಡುವವರೆಗೆ ಗೋಡೆಗೆ ಒರಗಿಕೊಂಡು ಕೂತೇ ಇದ್ದರಂತೆ. ಬಲಗೈ ಮಣಿಕಟ್ಟು ಮುರಿದಿತ್ತು.

ನಮ್ಮ ಅತ್ತೆಯ ಮನೆ ಸಿಗಂದೂರಿನ ಕಡೆ, ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮೇಲೆ ಸಾಗರ ಪೇಟೆಗೂ ಈ ಊರುಗಳಿಗೂ ನಡುವೆ ಸಮುದ್ರದಂಥ ನೀರು ಬಂದು ಕೂತಿತು. ಅಲ್ಲಿಂದ ಮುಂದೆ ಲಾಂಚೇ ಗತಿ. ಸಂಜೆ ಕೊನೆಯ ಲಾಂಚು ಹೋಯಿತೆಂದರೆ ಮುಗಿಯಿತು, ಬೆಳಗಾಗುವ ತನಕ ಹೊಳೆಯಾಚೆಯವರು ಹೊಳೆಯಾಚೆಗೇ. ಇಲ್ಲದಿದ್ದರೆ ಹೊಸನಗರದ ಕಡೆಯಿಂದ ಊರೆಲ್ಲ ಸುತ್ತು ಹಾಕಿ ಬರಬೇಕು. ಅತ್ತೆಯನ್ನು ಅವತ್ತು ಲಾಂಚು ಹತ್ತಿಸಿ ಸಾಗರಕ್ಕೆ ಕರೆತಂದು ಕೈಗೆ ಪ್ಲಾಸ್ಟರ್ ಹಾಕಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

‘ಇನ್ನು ಸಾಕು, ಅಮ್ಮ ಒಬ್ಬಳೇ ಇರೋದು ಬೇಡ’ ಎಂದರು ನಮ್ಮೆಜಮಾನರು. ನಾನೂ ಹೌದೆಂದೆ. ಎಪ್ಪತ್ತಾರು ವರ್ಷ, ಒಂಟಿ ಮನೆ, ಸುತ್ತ ತೋಟ, ಪಾಚಿಗಟ್ಟಿದ ಅಂಗಳ. ಯಾರಾದರೂ ಹಾಗೇ ಹೇಳುವುದು. ಹಸುವನ್ನು ಕೊಟ್ಟದ್ದಾಯಿತು, ಮನೆಗೆ ಬೀಗ ಹಾಕಿದ್ದಾಯಿತು, ಅತ್ತೆ ಬೆಂಗಳೂರಿನ ಫ್ಲಾಟಿಗೆ ಬಂದದ್ದೂ ಆಯಿತು.

ಆದರೆ ಬಂದವರು ನಮ್ಮ ಅತ್ತೆ ಆಗಿರಲಿಲ್ಲ. ಇಡೀ ದಿನ ತೂಕಡಿಕೆ. ಕೂತಲ್ಲಿಂದ ಏಳುವಾಗ ತೂರಾಟ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆವು. ಕೈಯಲ್ಲಿ ಸಣ್ಣ ನಡುಕ. ಒಂದು ಕಾಲದಲ್ಲಿ ಮೂವತ್ತು ಜನಕ್ಕೆ ಒಬ್ಬರೇ ಅಡುಗೆ ಮಾಡಿ ಬಡಿಸಿದ ಕೈ ಒಂದು ಲೋಟ ಕಾಫಿ ಹಿಡಿಯಲು ಒದ್ದಾಡುತ್ತಿತ್ತು. ‘ವಯಸ್ಸಾಯ್ತಲ್ಲ’ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಅವರೂ ಹಾಗೆಯೇ ನಂಬಿದರು. ಒಂದು ದಿನ ಮೆಲ್ಲಗೆ, ‘ನಾನಿನ್ನು ಊರಿಗೆ ಹೋಗೋದು ಹೆಣವಾಗಿಯೇ ಏನೋ’ ಎಂದರು.

ವಯಸ್ಸಾಗಿದ್ದು ನಿಜ. ಆದರೆ ಅದೊಂದೇ ಕಾರಣ ಆಗಿರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಚೀಲ ಬಿಚ್ಚಿದಾಗ...

ವಯಸ್ಸಾದವರನ್ನೇ ನೋಡುವ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ಚೀಟಿ ಕೇಳಲಿಲ್ಲ. ‘ಮನೇಲಿರೋ ಎಲ್ಲಾ ಮಾತ್ರೆ, ಪುಡಿ, ಟಾನಿಕ್, ಎಣ್ಣೆ, ಏನಿದೆಯೋ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ’ ಎಂದರು. ನಾವು ಹಾಗೇ ಮಾಡಿದೆವು. ಮೇಜಿನ ಮೇಲೆ ಸುರಿದು ಎಣಿಸಿದರೆ ಹನ್ನೊಂದು ಬಗೆ!

ಒಂದೊಂದಕ್ಕೂ ಒಂದೊಂದು ಕಥೆ. ಬಿಪಿಗೆಂದು ಒಬ್ಬ ಡಾಕ್ಟರು ಕೊಟ್ಟ ಅಮ್ಲೋಡಿಪಿನ್. ಕೆಲವು ವರ್ಷದ ಮೇಲೆ ಇನ್ನೊಬ್ಬರು ಬೇರೆ ಹೆಸರಿನ ಮಾತ್ರೆ ಬರೆದಿದ್ದರು. ಹಳೆಯದನ್ನು ನಿಲ್ಲಿಸಬೇಕೆಂದು ಅತ್ತೆಗೆ ಗೊತ್ತಾಗಿರಲಿಲ್ಲ. ಹೊಸದರಲ್ಲೂ ಟೆಲ್ಮಿಸಾರ್ಟನ್ ಜೊತೆಗೆ ಅದೇ ಅಮ್ಲೋಡಿಪಿನ್! ಅಂದರೆ ಒಂದೇ ಔಷಧಿ ದಿನಕ್ಕೆ ಎರಡು ಪಟ್ಟು. ಈ ಔಷಧಿ ಹೆಚ್ಚಾದರೆ ಪಾದ ಊದುತ್ತದೆ. ಊದಿತು. ಊತ ಇಳಿಯಲೆಂದು ಮತ್ತೆಲ್ಲೋ ತೋರಿಸಿದಾಗ ‘ನೀರಿನ ಮಾತ್ರೆ’ ಸೇರಿತು. ಅದನ್ನು ರಾತ್ರಿ ಊಟದ ನಂತರ ನುಂಗುತ್ತಿದ್ದರು. ನೀರಿನ ಮಾತ್ರೆ ತನ್ನ ಕೆಲಸ ಮಾಡಬೇಕಲ್ಲ, ರಾತ್ರಿ ಮೂರು ನಾಲ್ಕು ಸಲ ಬಚ್ಚಲುಮನೆಗೆ ಏಳುವಂತಾಯಿತು. ನಿದ್ದೆ ಕೆಟ್ಟಿತು. ನಿದ್ದೆಗೆ ಅಲ್ಪ್ರಜೋಲಾಮ್ ಬಂತು. ತಲೆ ಸುತ್ತತೊಡಗಿತು. ಸುತ್ತಿಗೆ ಸಿನ್ನರಿಜಿನ್ ಬಂತು. ಸಿನ್ನರಿಜಿನನ್ನು ಬಹಳ ಕಾಲ ನುಂಗಿದರೆ ಕೆಲವು ವಯಸ್ಸಾದವರಿಗೆ ಕೈನಡುಕ, ನಡಿಗೆಯಲ್ಲಿ ಬಿಗಿ ಬರುತ್ತದೆ. ನೋಡಿದರೆ ಪಾರ್ಕಿನ್ಸನ್ ಕಾಯಿಲೆಯಂತೆಯೇ ಕಾಣುತ್ತದೆ.

ಇನ್ನು ಮಂಡಿನೋವಿಗೆ ಡೈಕ್ಲೋಫೆನಾಕ್, ಅದು ಹೊಟ್ಟೆ ಉರಿಸಿದ್ದಕ್ಕೆ ಗ್ಯಾಸಿನ ಮಾತ್ರೆ, ಮಳೆಗಾಲದ ಶೀತಕ್ಕೆ ಅಂಗಡಿಯಿಂದ ತಂದ ಕ್ಲೋರ್‌ಫೆನಿರಮಿನ್, ಶುಗರಿಗೆ ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್, ಕ್ಯಾಲ್ಸಿಯಂ.

‘ಈಗ ಹೇಳಿ, ಅಂಥ ರಾತ್ರಿ ಇವರು ಬೀಳದೆ ಇದ್ದಿದ್ದರೆ ಅದು ಆಶ್ಚರ್ಯ ಅಲ್ವಾ?’ ಎಂದರು ವೈದ್ಯೆ. ನನಗೆ ನಾಚಿಕೆಯಾಯಿತು. ತಿಂಗಳು ತಿಂಗಳು ಆ ಮಾತ್ರೆಗಳಿಗೆ ದುಡ್ಡು ಕಳಿಸುತ್ತಿದ್ದವರು ನಾವೇ. ಅವು ಏನೆಂದು ಒಂದು ದಿನವೂ ನೋಡಿರಲಿಲ್ಲ.

ಯಾವ ಡಾಕ್ಟರೂ ಬೇಕೆಂದು ತಪ್ಪು ಮಾಡಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮುಂದೆ ಬಂದ ತೊಂದರೆಗೆ ಮದ್ದು ಕೊಟ್ಟಿದ್ದರು. ಆದರೆ ಇಡೀ ಪಟ್ಟಿಯನ್ನು ಒಟ್ಟಿಗೆ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಅದಕ್ಕೆ ಮತ್ತೊಂದು ಮಾತ್ರೆ ಸೇರಿಸುತ್ತ ಹೋಗುವುದು ಹೀಗೆಯೇ.

ವಯಸ್ಸಾದ ದೇಹದ ಲೆಕ್ಕವೇ ಬೇರೆ

ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿಗಳನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರು ಅದನ್ನು ‘ಪಾಲಿಫಾರ್ಮಸಿ’ ಅನ್ನುತ್ತಾರೆ. ಹಾಗೆಂದು ಐದು ಮಾತ್ರೆ ಎಂದರೆ ಅಪಾಯ ಎಂದೇನಲ್ಲ. ಕೆಲವರಿಗೆ ಐದೂ ಬೇಕೇ ಬೇಕು. ಆದರೆ ಸಂಖ್ಯೆ ಹೆಚ್ಚಿದಷ್ಟೂ ಒಂದಕ್ಕೊಂದು ಜಗಳವಾಡುವ ಸಾಧ್ಯತೆಯೂ ಹೆಚ್ಚು.

ನಲವತ್ತರಲ್ಲಿ ಸರಿಹೋದ ಮಾತ್ರೆ ಎಪ್ಪತ್ತೈದರಲ್ಲಿ ಯಾಕೆ ಸರಿಹೋಗುವುದಿಲ್ಲ? ವಯಸ್ಸಾದಂತೆ ಕಿಡ್ನಿ ಮತ್ತು ಲಿವರ್ ನಿಧಾನವಾಗುತ್ತವೆ. ಔಷಧಿ ದೇಹದಿಂದ ಹೊರಹೋಗಲು ತಡವಾಗುತ್ತದೆ. ದೇಹದಲ್ಲಿ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಏರುವುದರಿಂದ ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆ ದಿನಗಟ್ಟಲೆ ಒಳಗೇ ಉಳಿದುಬಿಡುತ್ತದೆ. ಮಿದುಳೂ ಸೂಕ್ಷ್ಮವಾಗಿರುತ್ತದೆ. ರಾತ್ರಿ ನುಂಗಿದ ಮಾತ್ರೆಯ ಮಂಪರು ಮರುದಿನ ಮಧ್ಯಾಹ್ನವೂ ಇಳಿಯದಿದ್ದರೆ ಅದು ಸೋಮಾರಿತನವಲ್ಲ!

ಈ ಅಪಾಯವನ್ನು ಮೊದಲು ಪಟ್ಟಿ ಮಾಡಿದವರು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್. ಆರೈಕೆ ಕೇಂದ್ರಗಳಲ್ಲಿರುವ ವೃದ್ಧರಿಗೆ ಯಾವ ಔಷಧಿ ಸೂಕ್ತವಲ್ಲ ಎಂದು 1991ರಲ್ಲಿ ಅವರೂ ಅವರ ಜೊತೆಗಾರರೂ ಪಟ್ಟಿ ಹೊರತಂದರು. ‘ಬಿಯರ್ಸ್ ಪಟ್ಟಿ’ ಎಂದೇ ಹೆಸರಾದ ಅದನ್ನು ಅಲ್ಲಿನ ವೃದ್ಧವೈದ್ಯರ ಸಂಘ 2023ರಲ್ಲಿ ಮತ್ತೆ ಪರಿಷ್ಕರಿಸಿದೆ. ನಿದ್ದೆ ಮಾತ್ರೆ, ಹಳೇ ಕಾಲದ ಶೀತದ ಮಾತ್ರೆ, ಗ್ಲಿಬೆನ್‌ಕ್ಲಮೈಡ್, ದೀರ್ಘಕಾಲದ ನೋವಿನ ಮಾತ್ರೆ ಎಲ್ಲವೂ ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2017ರಲ್ಲಿ ‘ಹಾನಿಯಿಲ್ಲದ ಔಷಧಿ’ ಎಂಬ ಅಭಿಯಾನವನ್ನೇ ಶುರು ಮಾಡಿತು.

ಸ್ವತಂತ್ರವಾಗಿ ಬದುಕುವುದು ಅಂದರೇನು?

ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ ಆರನ್ನು ಒಬ್ಬರೇ ಮಾಡಬಲ್ಲರೇ ಎಂದು ವೈದ್ಯರು ನೋಡುತ್ತಾರೆ. ಇದರ ಮೇಲಿನ ಮೆಟ್ಟಿಲಲ್ಲಿ ಎಂಟು ಕೆಲಸಗಳಿವೆ: ಫೋನ್ ಮಾಡುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಹಣದ ವ್ಯವಹಾರ. ಎಂಟನೆಯದು, ತನ್ನ ಔಷಧಿಯನ್ನು ತಾನೇ ಸರಿಯಾಗಿ ತೆಗೆದುಕೊಳ್ಳುವುದು!

ಈ ಎಂಟನೆಯದು ತಪ್ಪಿದರೆ ಉಳಿದ ಹದಿಮೂರೂ ಅಲುಗಾಡುತ್ತವೆ. ಮಾತ್ರೆ ತಪ್ಪಾದರೆ ತಲೆ ಸುತ್ತು, ಬೀಳು, ಮೂಳೆ ಮುರಿತ. ಸೊಂಟದ ಮೂಳೆ ಮುರಿದರೆ ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ಬೀಳದೆ ಉಳಿದವರೂ ಬೀಳುವ ಹೆದರಿಕೆಗೆ ಅಂಗಳಕ್ಕಿಳಿಯುವುದನ್ನು ಬಿಡುತ್ತಾರೆ. ಕಾಲಿನ ಶಕ್ತಿ ಹೋಗುತ್ತದೆ. ಕೊನೆಗೆ ಮಗನ ಮನೆ, ಮಗಳ ಮನೆ, ಇಲ್ಲವೇ ವೃದ್ಧಾಶ್ರಮ. ಮನೆ ಬಿಡಿಸಿದ್ದು ವಯಸ್ಸು ಎಂದು ಎಲ್ಲರೂ ಹೇಳುತ್ತಾರೆ. ಡಬ್ಬಿ ಒಳಗೆ ನೋಡುವವರು ಕಡಿಮೆ.

ಉಲ್ಟಾ ಕಥೆಯೂ ಇದೆ

ಇದನ್ನೋದಿ ‘ಹಾಗಾದ್ರೆ ಇವತ್ತಿಂದ ಮಾತ್ರೆ ಬಂದ್’ ಎಂದು ಯಾರೂ ಹೊರಡಬೇಡಿ! ಅತ್ತೆಯ ಕಡೆಯ ನೆಂಟರೊಬ್ಬರು ‘ಬಿಪಿ ಈಗ ನಾರ್ಮಲ್ ಇದೆ’ ಎಂದು ತಾವೇ ಮಾತ್ರೆ ಬಿಟ್ಟರು. ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದಲೇ ನಾರ್ಮಲ್ ಇತ್ತು ಎಂಬುದು ಅವರಿಗೆ ಹೊಳೆಯಲಿಲ್ಲ. ಕೆಲವೇ ತಿಂಗಳಲ್ಲಿ ಲಕ್ವ ಹೊಡೆದು ಒಂದು ಕಡೆ ಸ್ವಾಧೀನ ಹೋಯಿತು. ಲಕ್ವ ಹೊಡೆದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲೇ ಆಸ್ಪತ್ರೆ ಸೇರಿರಬೇಕು. ಹಿನ್ನೀರಿನ ಊರಿನವರಿಗೆ ಆಗ ರಾತ್ರಿ ಹೊತ್ತು ಅದು ಕನಸಿನ ಮಾತು.

ಬಿಪಿ, ಹೃದಯ, ಫಿಟ್ಸ್, ಥೈರಾಯ್ಡ್, ಸ್ಟೆರಾಯ್ಡ್ ಮಾತ್ರೆಗಳನ್ನು ತಾವಾಗಿಯೇ ಬಿಡಬಾರದು. ಬಹಳ ಕಾಲ ತೆಗೆದುಕೊಂಡ ನಿದ್ದೆ ಮಾತ್ರೆಯನ್ನೂ ಥಟ್ಟನೆ ಬಿಡಬಾರದು. ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಅತ್ತೆಗೆ ನಿದ್ದೆ ಮಾತ್ರೆ ಬಿಡಿಸಲು ವೈದ್ಯೆ ವಾರಗಟ್ಟಲೆ ತೆಗೆದುಕೊಂಡರು. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಸಿದರು.

ಮಲೆನಾಡಿನ ಮನೆಗಳಲ್ಲಿ ವಿಶೇಷ ಎಚ್ಚರ

*ರಾತ್ರಿ ಬಚ್ಚಲು:* ನಮ್ಮ ಕಡೆ ಹಳೇ ಮನೆಗಳಲ್ಲಿ ಬಚ್ಚಲುಮನೆ ಹಿಂದುಗಡೆ. ಮೆಟ್ಟಿಲು, ಒದ್ದೆ ಕಲ್ಲು, ಪಾಚಿ, ಕತ್ತಲೆ. ನೀರಿನ ಮಾತ್ರೆಯನ್ನು ರಾತ್ರಿ ಬದಲು ಬೆಳಗ್ಗೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಅಷ್ಟು ಸಣ್ಣ ಬದಲಾವಣೆಯೇ ಒಂದು ಮೂಳೆ ಉಳಿಸೀತು. ದಿಂಬಿನ ಪಕ್ಕ ಟಾರ್ಚ್ ಇರಲಿ.

*ಎದ್ದಾಗ ಕತ್ತಲೆ:* ಮಲಗಿದ್ದಾಗ, ಎದ್ದು ನಿಂತ ಮೂರು ನಿಮಿಷದೊಳಗೆ, ಹೀಗೆ ಎರಡು ಸಲ ಬಿಪಿ ನೋಡಲು ಹೇಳಿ. ಮೇಲಿನ ಅಂಕಿ 20ರಷ್ಟು ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ಹಾಸಿಗೆಯಿಂದ ಒಮ್ಮೆಲೇ ಏಳದೆ, ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂತು ಆಮೇಲೆ ಏಳಲಿ.

*ಉಪವಾಸ:* ನವರಾತ್ರಿ, ಏಕಾದಶಿ, ಸೋಮವಾರ... ನಮ್ಮ ಹಿರಿಯರ ಉಪವಾಸಕ್ಕೆ ಲೆಕ್ಕವಿಲ್ಲ. ಊಟ ಬಿಡುತ್ತಾರೆ, ಶುಗರ್ ಮಾತ್ರೆ ಬಿಡುವುದಿಲ್ಲ! ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ತೊದಲು, ಗಲಿಬಿಲಿ. ಎಷ್ಟೋ ಸಲ ‘ಅರಳುಮರಳು’ ಎಂದು ಬಿಟ್ಟುಬಿಡುತ್ತೇವೆ. ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ. ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಸಂಕ್ರಾಂತಿಯ ಸಿಗಂದೂರು ಜಾತ್ರೆಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವವರಿಗೂ ಇದೇ ಮಾತು. ದೇವಿ ಎರಡು ಇಡ್ಲಿ ತಿಂದು ಬಂದವರನ್ನೂ ಕಾಯುತ್ತಾಳೆ ಎಂದು ಅತ್ತೆಗೆ ಹೇಳಿ ಒಪ್ಪಿಸಿದ್ದೇನೆ.

*ನೋವಿನ ಮಾತ್ರೆ:* ತೋಟದ ಕೆಲಸ ಮಾಡಿ ಸವೆದ ಮಂಡಿಗೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವುದು ಎಲ್ಲರ ಮನೆಯ ರೂಢಿ. ಬಿಪಿ ಮಾತ್ರೆ, ನೀರಿನ ಮಾತ್ರೆ, ಇದರ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಕಿಡ್ನಿಗೆ ಪೆಟ್ಟು. ವಾಂತಿ ಭೇದಿ ಆದಾಗಲಂತೂ ಇನ್ನೂ ಹೆಚ್ಚು.

*ಕಷಾಯ, ಪುಡಿ:* ಹಳ್ಳಿಮದ್ದಿನ ಬಗ್ಗೆ ನನಗೆ ಗೌರವವಿದೆ. ಆದರೂ ಅದೂ ಔಷಧಿಯೇ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚು ತಿಂದರೆ ಬಿಪಿ ಏರುತ್ತದೆ. ಲೇಬಲ್ಲಿಲ್ಲದ ಮಂಡಿನೋವಿನ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಹಲವು ಸಲ ಪತ್ತೆಯಾಗಿದೆ. ತಿನ್ನುತ್ತಿರುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

*ಮಳೆಗಾಲದ ಥಂಡಿ:* ಮಾತ್ರೆಯನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ಸುರಿದಿಟ್ಟರೆ ತೇವ ಹಿಡಿಯುತ್ತದೆ. ಒಲೆಯ ಮೇಲಿನ ಗೂಡು, ಬಚ್ಚಲ ಕಿಟಕಿ ಎರಡೂ ಬೇಡ. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ತಂದರೆ ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಹೋಗುತ್ತವೆ. ಪೂರ್ತಿ ಪಟ್ಟಿಯನ್ನೇ ಕೇಳಿ.

ಹನ್ನೊಂದು ನಾಲ್ಕಾಯಿತು

ಮೂರು ತಿಂಗಳಲ್ಲಿ ಅತ್ತೆಯ ಹನ್ನೊಂದು ಮಾತ್ರೆ ನಾಲ್ಕಕ್ಕೆ ಇಳಿಯಿತು. ಬಿಪಿಗೆ ಒಂದು, ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರ, ಮೂಳೆಗೆ ಕ್ಯಾಲ್ಸಿಯಂ. ಹೊಸದಾಗಿ ಸೇರಿದ್ದೂ ಒಂದಿದೆ, ಬಿ12. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಇದು ಕಡಿಮೆಯಾಗಬಹುದಂತೆ. ಮಂಡಿನೋವು ಜೋರಾದಾಗ ಮಾತ್ರ ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್. ಎಪ್ಪತ್ತು ದಾಟಿದವರಿಗೆ ಶುಗರನ್ನು ತೀರಾ ಕೆಳಗೆ ಇಳಿಸುವ ಹಟ ಬೇಡ, ಬೀಳದೆ ಇರುವುದು ಮುಖ್ಯ ಎಂದರು ವೈದ್ಯೆ.

ಕಾಲಿನ ಊತ ಇಳಿಯಿತು. ತೂಕಡಿಕೆ ಹೋಯಿತು. ನಡುಕ ಮಾತ್ರ ನಿಧಾನಕ್ಕೆ, ಕೆಲವು ತಿಂಗಳಲ್ಲಿ ಕಡಿಮೆಯಾಯಿತು. ಒಂದು ಬೆಳಗ್ಗೆ ನಾನು ಏಳುವ ಮೊದಲೇ ಅಡುಗೆಮನೆಯಲ್ಲಿ ಒಂದೆಲಗದ ತಂಬುಳಿ ಸಿದ್ಧವಾಗಿತ್ತು. ‘ನಿನ್ನ ಮಿಕ್ಸಿ ಸರಿಯಿಲ್ಲ’ ಎಂದು ಬೈದರು. ಬೈಸಿಕೊಂಡು ಅಷ್ಟು ಖುಷಿಯಾದದ್ದು ನನಗೆ ಅದೇ ಮೊದಲು!

2025ರ ಜನವರಿಯಲ್ಲಿ, ಜಾತ್ರೆಯ ಹೊತ್ತಿಗೆ, ಅವರನ್ನು ಊರಿಗೆ ಬಿಟ್ಟು ಬಂದೆವು. ಎಲ್ಲವೂ ಮೊದಲಿನಂತೆ ಆಯಿತೆಂದು ಹೇಳಲಾರೆ. ಹಸು ಮತ್ತೆ ಬರಲಿಲ್ಲ. ಬಲಗೈಯಲ್ಲಿ ಕೊಡ ಎತ್ತಲು ಆಗುವುದಿಲ್ಲ. ಕೆಲಸದ ಹೆಂಗಸು ಈಗ ರಾತ್ರಿಯೂ ಜೊತೆಗಿರುತ್ತಾಳೆ. ಬಚ್ಚಲಿಗೆ ಹಿಡಿ, ದಾರಿಗೆ ಬ್ಯಾಟರಿ ದೀಪ ಹಾಕಿಸಿದ್ದೇವೆ. ಆದರೆ ತನ್ನ ಮನೆಯ ಜಗಲಿಯಲ್ಲಿ ತಾನು ಕೂತಿದ್ದೇನೆ ಎಂಬ ಧೈರ್ಯ ಅವರಿಗೆ ವಾಪಸ್ ಸಿಕ್ಕಿದೆ.

ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಆರು ದಶಕ ಲಾಂಚಿಗೆ ಕಾದವರಿಗೆ ಅದು ಸಣ್ಣ ಸಂಗತಿಯಲ್ಲ. ಈಗ ಆಂಬುಲೆನ್ಸ್ ಅರ್ಧರಾತ್ರಿಯಲ್ಲೂ ಬರಬಹುದು. ಆದರೆ ಸೇತುವೆ ಬಂದರೂ ಮಾತ್ರೆ ಡಬ್ಬಿ ಅದೇ ಅಲ್ಲವೇ? ಪೇಟೆ ಹತ್ತಿರವಾದಷ್ಟೂ ಡಾಕ್ಟರುಗಳು ಹೆಚ್ಚು, ಮೆಡಿಕಲ್ ಅಂಗಡಿಗಳು ಹೆಚ್ಚು, ಚೀಟಿಗಳೂ ಹೆಚ್ಚು. ಎಲ್ಲವನ್ನೂ ಒಟ್ಟಿಗೆ ನೋಡುವ ಒಂದು ಜೊತೆ ಕಣ್ಣು ಮನೆಯಲ್ಲೇ ಇರಬೇಕು. ಆ ಕಣ್ಣು ಸೊಸೆಯದೋ ಮಗಳದೋ ಆಗಿರುವುದೇ ಹೆಚ್ಚು. ಮಗನದೂ ಆಗಿರಲಿ ಎಂದು ನನ್ನ ಆಸೆ!

ಹೀಗೆ ಮಾಡಿ

* ಆರು ತಿಂಗಳಿಗೊಮ್ಮೆ ಎಲ್ಲಾ ಮಾತ್ರೆ, ಪುಡಿ, ಟಾನಿಕ್ ಒಂದೇ ಚೀಲಕ್ಕೆ ಹಾಕಿ ಒಬ್ಬರೇ ಡಾಕ್ಟರಿಗೆ ತೋರಿಸಿ.

* ಕಂಪೆನಿ ಇಟ್ಟ ಹೆಸರಿನ ಜೊತೆಗೆ, ಪಟ್ಟಿಯ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರನ್ನೂ ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ಕೇಳಿ.

* ಹೊಸ ಮಾತ್ರೆ ಬರೆದಾಗ ಐದು ಪ್ರಶ್ನೆ: ಇದು ಯಾತಕ್ಕೆ? ಎಷ್ಟು ದಿನ? ಹಳೆಯದರಲ್ಲಿ ಯಾವುದನ್ನು ಬಿಡಬೇಕು? ಬಿದ್ದುಬಿಡುವಂಥ ಮಂಪರು ಬರುತ್ತದೆಯೇ? ಉಪವಾಸದ ದಿನ ಏನು ಮಾಡಬೇಕು?

* ಮಾತ್ರೆಯ ಹೆಸರು, ಹೊತ್ತು, ಕಾರಣ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಸಾಕು.

* ಏಳು ದಿನದ ಖಾನೆಗಳಿರುವ ಮಾತ್ರೆ ಡಬ್ಬಿಗೆ ವಾರಕ್ಕೊಮ್ಮೆ ತುಂಬಿಸಿ. ಮಾತ್ರೆಗೆ ತೇವ ಹಿಡಿಯದಂತೆ ನೋಡಿಕೊಳ್ಳಿ. ಹೆಸರಿರುವ ಒಂದು ಪೂರ್ತಿ ಪಟ್ಟಿ ಬೇರೆ ಇರಲಿ.

* ಹೊಸ ಮಾತ್ರೆ ಶುರುವಾದ ಮೇಲೆ ತೂರಾಟ, ಮರೆವು, ನಡುಕ, ಮೂತ್ರ ಕಟ್ಟುವುದು ಕಂಡರೆ ಮೊದಲು ಮಾತ್ರೆಯ ಮೇಲೆಯೇ ಅನುಮಾನ ಪಡಿ. ಆದರೆ ಕೇಳದೆ ನಿಲ್ಲಿಸಬೇಡಿ.

* ಔಷಧಿಯ ಅಡ್ಡಪರಿಣಾಮ ತಿಳಿಸಲು ಉಚಿತ ಸಹಾಯವಾಣಿ 1800-180-3024. ಹಿರಿಯ ನಾಗರಿಕರ ಸಹಾಯವಾಣಿ 14567.

ಈ ಸಲ ಊರಿಗೆ ಹೋದಾಗ ಅಮ್ಮನಿಗೆ ಸೀರೆ, ಅತ್ತೆಗೆ ಸ್ವೆಟರ್ ಒಯ್ಯುವುದು ಇದ್ದೇ ಇದೆ. ಅದರ ಜೊತೆಗೆ ಅರ್ಧ ಗಂಟೆ ಕೂತು ಅವರ ಮಾತ್ರೆ ಡಬ್ಬಿಯನ್ನೊಮ್ಮೆ ಬಿಚ್ಚಿ ನೋಡಿ ಬನ್ನಿ.